ಕಾನ್ವೆಂಟ್‌ಗೆ ಸೇರಿಸುವ ಮುನ್ನ ಒಂದಿಷ್ಟು ಇತಿಹಾಸ

ನಮ್ಮ ತೆಕ್ಕಲಕೋಟೆ ಕಡೆ ಇಂಗ್ಲಿಷ್ ಮೀಡಿಯಂ ಶಾಲೆಗಳನ್ನೆಲ್ಲ ‘ಕಾನ್ವೆಂಟ್’ ಅಂತಲೇ ಕರೆಯುತ್ತೇವೆ. ಅಸಲಿಗೆ ಅದು ಕ್ರೈಸ್ತ ಸನ್ಯಾಸಿನಿಯರು ವಾಸಿಸುವ ಮಠದ ಹೆಸರು.

1800ರಲ್ಲಿ ಬಳ್ಳಾರಿ ಸೀಮೆ ನಿಜಾಮರಿಂದ ಬ್ರಿಟಿಷರ ಕೈಸೇರಿತು. ಊರಲ್ಲಿ ದಂಡು ನೆಲೆಸಿತು. ಅದರ ಹಿಂದೆಯೇ ಚರ್ಚು, ಶಾಲೆಗಳು ಬಂದವು. 1949ರಲ್ಲಿ ಬಳ್ಳಾರಿ ಕ್ಯಾಥೊಲಿಕ್ ಧರ್ಮಪ್ರಾಂತ್ಯವಾಯಿತು.

ಮರುವರ್ಷ ಸಂವಿಧಾನ ಜಾರಿಗೆ ಬಂತು. ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸಲು 30ನೇ ವಿಧಿ ಹಕ್ಕು ಕೊಟ್ಟಿತು. ಪೋಷಕರಿಗೂ 28ನೇ ವಿಧಿಯ ಬಲವಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ, ನಿಮ್ಮ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗಾಗಲಿ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ.

ಆರ್‌ಟಿಇ ಸೀಟು ನಂಬಿ ಕೂತವರು ಗಮನಿಸಿ. ಆ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ಕನ್ನಡ ತಪ್ಪುವುದಿಲ್ಲ. 2015ರ ರಾಜ್ಯ ಕಾಯ್ದೆ ಅದನ್ನು ಒಂದನೇ ತರಗತಿಯಿಂದಲೇ ಕಡ್ಡಾಯ ಮಾಡಿದೆ.

ಹಾಗಾಗಿ ಅಡ್ಮಿಷನ್ ದಿನವೇ ಮೂರು ಮಾತು ಕೇಳಿ: ಇದು ಚರ್ಚಿನ ಶಾಲೆಯೋ, ಬರೀ ಹೆಸರಿಗೆ ಕಾನ್ವೆಂಟೋ? ನೀತಿಪಾಠದಲ್ಲಿ ಏನು ಕಲಿಸುತ್ತೀರಿ? ಬಸ್ಸು, ಪುಸ್ತಕ, ಯೂನಿಫಾರ್ಮ್ ಸೇರಿ ವರ್ಷದ ಖರ್ಚೆಷ್ಟು? ಲೆಕ್ಕವನ್ನು ಬರೆಸಿಕೊಳ್ಳಿ. ಜೂನ್‌ನಲ್ಲಿ ಸಾಲ ಮಾಡಿ ಸೇರಿಸಿ, ದಸರೆಗೆ ಬಿಡಿಸಿದರೆ ಮಗುವಿನ ವರ್ಷವೇ ಹಾಳು.