ವಾಯೆ ರೆಬೊ

ಇಂಡೋನೇಷ್ಯದ ಫ್ಲೋರೆಸ್ ದ್ವೀಪದ ಪಶ್ಚಿಮ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,100 ಮೀ. ಎತ್ತರದ ಕಣಿವೆಯಲ್ಲಿರುವ ಮಂಗರಾಯ್ ಜನರ ಹಳ್ಳಿ. ಊರಿನವರೆಗೆ ವಾಹನ ಹೋಗುವುದಿಲ್ಲ. ದೆಂಗೆ ಗ್ರಾಮದ ಕಡೆಯಿಂದ ಕಾಡಿನ ಏರುದಾರಿಯಲ್ಲಿ ಕೆಲವು ಗಂಟೆ ನಡೆಯಬೇಕು.

ಊರಿಗೆ ಹೆಸರು ತಂದದ್ದು ‘ಮ್ಬಾರು ನಿಯಾಂಗ್’ ಎಂಬ ಶಂಕುವಿನಾಕಾರದ ಏಳು ಮನೆಗಳು. ಇವುಗಳಿಗೆ ಬೇರೆ ಗೋಡೆಯಿಲ್ಲ, ಹುಲ್ಲಿನ ಸೂರೇ ನೆಲದ ಹತ್ತಿರದವರೆಗೆ ಇಳಿದಿರುತ್ತದೆ. ಮರದ ತೊಲೆಗಳನ್ನು ಮೊಳೆ ಹೊಡೆಯದೆ ಬೆತ್ತದಿಂದ ಬಿಗಿಯಲಾಗಿದೆ. ಒಳಗೆ ಐದು ಅಂತಸ್ತು: ಕೆಳಗೆ ಹಲವು ಕುಟುಂಬಗಳ ವಾಸ, ಅದರ ಮೇಲೆ ದವಸಧಾನ್ಯದ ಅಟ್ಟ, ಮೂರನೆಯದು ಬಿತ್ತನೆ ಬೀಜಕ್ಕೆ, ನಾಲ್ಕನೆಯದು ಬರಗಾಲದ ದಾಸ್ತಾನಿಗೆ, ತುದಿಯದು ಹಿರಿಯರಿಗೆ ಎಡೆಯಿಡಲು. ಒಲೆಯ ಹೊಗೆ ಮೇಲೇರಿ ಮರವನ್ನೂ ಹುಲ್ಲನ್ನೂ ಹುಳು ಹಿಡಿಯದಂತೆ ಕಾಯುತ್ತದೆ. ಊರ ಪವಿತ್ರ ನಗಾರಿಗಳು ಮುಖ್ಯ ಮನೆಯಲ್ಲಿವೆ.

ಕಾಫಿ ಮುಖ್ಯ ಬೆಳೆ. ಹೆಂಗಸರು ‘ಸೊಂಗ್ಕೆ’ ಬಟ್ಟೆ ನೇಯುತ್ತಾರೆ. ನವೆಂಬರಿನ ‘ಪೆಂತಿ’ ಸುಗ್ಗಿಹಬ್ಬ. ಶಾಲೆ ಬೆಟ್ಟದ ಕೆಳಗಿರುವುದರಿಂದ ಮಕ್ಕಳು ಅಲ್ಲಿನ ಕೊಂಬೊ ಹಳ್ಳಿಯಲ್ಲಿ ಉಳಿಯುತ್ತಾರೆ.

ಶಿಥಿಲವಾಗಿದ್ದ ಮನೆಗಳನ್ನು ವಾಸ್ತುಶಿಲ್ಪಿ ಯೋರಿ ಅಂತಾರ್ ತಂಡದ ನೆರವಿನಿಂದ ಊರವರೇ ಮತ್ತೆ ಕಟ್ಟಿದರು. ಈ ಕೆಲಸಕ್ಕೆ 2012ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಗಳಲ್ಲಿ ಅತ್ಯುನ್ನತ ಗೌರವ ಸಂದಿತು.