ನಾವೆಲಿಸ್ಟ್

ಸುರಪುರದ ಗುಡ್ಡದ ಮೇಲೆ ಊರಿಗೆ ಮುಖ ಮಾಡಿ ನಿಂತ ಬಂಗಲೆಗೆ ಜನ ಇಂದಿಗೂ ‘ಟೇಲರ್ ಮಂಜಿಲ್’ ಎನ್ನುತ್ತಾರೆ. 1841ರಲ್ಲಿ ಈ ಸಂಸ್ಥಾನಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರ್, ಬಾಲಕ ರಾಜ ವೆಂಕಟಪ್ಪ ನಾಯಕರ ಪರವಾಗಿ ಆಡಳಿತ ನೋಡಿಕೊಂಡರು. ಅವರು ನಾವೆಲಿಸ್ಟ್ ಕೂಡ. ಠಗ್ಗರ ಕುರಿತ ಅವರ ಪುಸ್ತಕ 1839ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು.

‘ನಾವೆಲಿಸ್ಟ್’ ಎಂಬ ಪದದ ಬೇರು ಲ್ಯಾಟಿನ್ನಿನ ‘ನೋವುಸ್’, ಅಂದರೆ ಹೊಸದು. ನಮ್ಮ ‘ನವ’ ಅದರ ದಾಯಾದಿ. ಅದರಿಂದ ಹುಟ್ಟಿದ ‘ನೊವೆಲ್ಲಾ’ ಇಟಲಿಯಲ್ಲಿ ಹೊಸ ಸುದ್ದಿ, ಸಣ್ಣ ಕಥೆ ಎರಡೂ ಆಯಿತು. ಇಂಗ್ಲಿಷಿನಲ್ಲಿ ನಾವೆಲಿಸ್ಟ್ ಎಂದರೆ ಮೊದಲು ಹೊಸತನ್ನು ತರುವವ, ಆಮೇಲೆ ಸುದ್ದಿ ಹರಡುವವ. ಕಥೆಗಾರನ ಅರ್ಥ ನೆಲೆಯಾದದ್ದು ಹದಿನೆಂಟನೆಯ ಶತಮಾನದಲ್ಲಿ.

ಕನ್ನಡ ಬೇರೆ ದಾರಿ ಹಿಡಿಯಿತು. ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಾವ್ಯದ ನಾಯಕಿ ಕಾದಂಬರಿ. ಆ ಹೆಣ್ಣಿನ ಹೆಸರೇ ಇಡೀ ಪ್ರಕಾರಕ್ಕೆ ಹೆಸರಾಯಿತು. ಬರೆಯುವವರು ಕಾದಂಬರಿಕಾರ, ಕಾದಂಬರಿಕಾರ್ತಿ ಆದರು. ಮರಾಠಿಯದೂ ಇದೇ ಪದ. ಹಿಂದಿಯವರ ‘ಉಪನ್ಯಾಸ’ ನಮಗೆ ಭಾಷಣ!

ಇಂಗ್ಲಿಷಿನವರು ಹೊಸತನ್ನು ಹೆಸರಾಗಿಸಿದರು, ನಾವು ಹಳೆಯ ಕಥೆಯ ನೆನಪನ್ನು. ಟೇಲರ್ 1853ರವರೆಗೆ ಇಲ್ಲಿದ್ದು, ಸುತ್ತಲಿನ ಕಲ್ಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದಿಟ್ಟವರು. ಹಳೆಯದನ್ನು ಹುಡುಕುತ್ತ ಹೊಸ ಕಥೆ ಹೇಳಿದ ಅವರಿಗೆ ಎರಡು ಹೆಸರೂ ಒಪ್ಪುತ್ತವೆ.