ಹಳೆಯ ಕಾರುಗಳಲ್ಲಿ ರಿಮೋಟ್ ಬೀಗ ವ್ಯವಸ್ಥೆ

ರಿಮೋಟ್ ಬೀಗ ವ್ಯವಸ್ಥೆಯು ಕಾರಿನ ಬಾಗಿಲುಗಳನ್ನು ಕೀಲಿಕೈ ತಿರುಗಿಸದೆ ದೂರದಿಂದಲೇ ತೆರೆಯುವ ಹಾಗೂ ಭದ್ರಪಡಿಸುವ ಸಾಧನವಾಗಿದೆ. ಈ ಸೌಲಭ್ಯವನ್ನು ಆರಂಭದಲ್ಲೇ ಹೊಂದಿದ್ದ ಕಾರುಗಳಲ್ಲಿ 1982ರ ಸುಮಾರಿನ ಫ್ರಾನ್ಸಿನ ರೆನೊ ಫ್ಯೂಗೊ ಒಂದು. ಈ ವ್ಯವಸ್ಥೆಯಿಲ್ಲದ ಹಳೆಯ ಕಾರುಗಳಿಗೆ ಇದನ್ನು ಪ್ರತ್ಯೇಕ ಕಿಟ್ ರೂಪದಲ್ಲಿ ಅಳವಡಿಸಬಹುದು.

ಕಾರ್ಯವಿಧಾನ

ಕಿಟ್‌ನಲ್ಲಿ ರಿಮೋಟ್, ನಿಯಂತ್ರಣ ಘಟಕ ಮತ್ತು ಪ್ರತಿ ಬಾಗಿಲಿಗೊಂದು ಸಣ್ಣ ಮೋಟರು ಇರುತ್ತವೆ. ರಿಮೋಟ್‌ನ ರೇಡಿಯೊ ಸಂಕೇತವನ್ನು ಗುರುತಿಸಿದ ಘಟಕವು 12 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನು ಕ್ಷಣಕಾಲ ಮೋಟರುಗಳಿಗೆ ಹರಿಸುತ್ತದೆ. ವಿದ್ಯುತ್ತಿನ ದಿಕ್ಕಿಗೆ ಅನುಗುಣವಾಗಿ ಮೋಟರು ಬೀಗದ ಸರಳನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ.

ಅಳವಡಿಕೆ

ಬಾಗಿಲಿನ ಒಳಹೊದಿಕೆಯನ್ನು ತೆಗೆದು, ಕಿಟಕಿಯ ಗಾಜು ಇಳಿಯುವ ದಾರಿಗೆ ಅಡ್ಡಬಾರದಂತೆ ಮೋಟರನ್ನು ಕೂರಿಸಲಾಗುತ್ತದೆ. ಬಿಗಿಯಾಗಿರುವ ಹಳೆಯ ಬೀಗವನ್ನು ಮೊದಲು ಸರಿಪಡಿಸದಿದ್ದರೆ ಮೋಟರಿನ ಮೇಲೆ ಒತ್ತಡ ಬೀಳುತ್ತದೆ. ಬಾಗಿಲಿನಿಂದ ಒಳಗೆ ಸಾಗುವ ತಂತಿಗಳಿಗೆ ರಬ್ಬರ್ ಕವಚವಿರಬೇಕು. ಇಲ್ಲವಾದರೆ ಅವು ಸವೆದು ಶಾರ್ಟ್ ಸರ್ಕ್ಯೂಟ್ ಉಂಟಾಗಬಹುದು. ಬ್ಯಾಟರಿಯ ಸಂಪರ್ಕಕ್ಕೆ ಫ್ಯೂಸ್ ಅಗತ್ಯ.

ಭದ್ರತೆ

ಕೆಲವು ಕಿಟ್‌ಗಳ ರಿಮೋಟ್ ಪ್ರತಿ ಬಾರಿಯೂ ಒಂದೇ ಸಂಕೇತವನ್ನು ಕಳುಹಿಸುತ್ತದೆ. ಅದನ್ನು ದಾಖಲಿಸಿಕೊಂಡು ಮರುಪ್ರಸಾರ ಮಾಡುವವರು ಕಾರನ್ನು ತೆರೆಯಬಲ್ಲರು. ಪ್ರತಿ ಬಾರಿಯೂ ಸಂಕೇತ ಬದಲಾಗುವ ರೋಲಿಂಗ್ ಕೋಡ್ ವಿಧಾನವು ಇದನ್ನು ತಡೆಯುತ್ತದೆಯಾದರೂ ಅದು ಪರಿಪೂರ್ಣವಲ್ಲ. ಸಂಕೇತವು ಕಾರನ್ನು ತಲುಪದಂತೆ ತಡೆದು, ಅದನ್ನೇ ಸಂಗ್ರಹಿಸಿ ಬಳಸುವ ಸಾಧನವೊಂದನ್ನು ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕರ್ 2015ರಲ್ಲಿ ಪ್ರದರ್ಶಿಸಿದರು. ಬಾಗಿಲಿನ ಬೀಗವನ್ನಷ್ಟೇ ನಿಯಂತ್ರಿಸುವ ಕಿಟ್ ಎಂಜಿನ್‌ಗೆ ರಕ್ಷಣೆ ನೀಡುವುದಿಲ್ಲ. ಕಾರಿನ ಬ್ಯಾಟರಿ ಬರಿದಾದಾಗ ಬಾಗಿಲು ತೆರೆಯಲು ಮೂಲ ಕೀಲಿಕೈಯೇ ಬೇಕಾಗುವುದರಿಂದ, ಅದರ ಬೀಗವನ್ನು ಸುಸ್ಥಿತಿಯಲ್ಲಿಡುವುದು ಅವಶ್ಯಕ.